ಗ್ಯಾಸ್ಕೆಟ್ ಮೇಲೆ ಹೊರಿಸಿದ ತಪ್ಪು

ಹಳೆಯ ಕಾರಿನ ಎಂಜಿನ್ನಿನಲ್ಲಿ ಕೂಲೆಂಟ್ ಸೋರಬಹುದಾದ ಜಾಗಗಳು ಹತ್ತಾರಿವೆ. ಅವುಗಳ ಪೈಕಿ ಸರಿಪಡಿಸಲು ಬಲು ಸುಲಭವೆಂದು ಎಲ್ಲರೂ ನಂಬಿರುವ, ಆದರೆ ಸರಿಪಡಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಒದ್ದೆಯಾಗಿ ಮಾಲೀಕರನ್ನು ಗ್ಯಾರೇಜಿಗೆ ಎಳೆದುತರುವ ಜಾಗವೆಂದರೆ ಥರ್ಮೋಸ್ಟಾಟ್ ಹೌಸಿಂಗ್. ಎಂಜಿನ್ನಿನ ಶಾಖವನ್ನು ಹೀರಿ ರೇಡಿಯೇಟರಿಗೆ ಒಯ್ಯುವ ದ್ರವಕ್ಕೆ ಕೂಲೆಂಟ್ ಎಂದು ಹೆಸರು. ಆ ದ್ರವ ಸಿಲಿಂಡರ್ ಹೆಡ್ಡಿನಿಂದ ಹೊರಬಿದ್ದು ಮೇಲಿನ ಹೋಸ್ ಸೇರುವ ದ್ವಾರದಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಅಲ್ಯೂಮಿನಿಯಂ ಎರಕದ ಮುಚ್ಚಳವೊಂದು ಕೂತಿರುತ್ತದೆ, ಅದೇ ಈ ಹೌಸಿಂಗ್. ಅದಕ್ಕೂ ಹೆಡ್ಡಿಗೂ ನಡುವೆ ತೆಳುವಾದ ಕಾಗದದ ಗ್ಯಾಸ್ಕೆಟ್ ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಅದು ಪ್ಯಾಕಿಂಗ್. ಸೋರಿಕೆ ಕಂಡೊಡನೆ ತಪ್ಪನ್ನು ಈ ಪ್ಯಾಕಿಂಗ್ ಮೇಲೆ ಹೊರಿಸಿ, ಹೊಸದೊಂದನ್ನು ಕತ್ತರಿಸಿ, ಧಾರಾಳವಾಗಿ ಸಿಲಿಕೋನ್ ಬಳಿದು, ನಟ್‌ಗಳನ್ನು ಬಲವಾಗಿ ಬಿಗಿದು ಗಾಡಿಯನ್ನು ಕಳುಹಿಸಿಕೊಡುವುದು ರೂಢಿ. ಸೋರಿಕೆ ಮರಳಿ ಬರುವುದು ಈ ರೂಢಿಯಿಂದಲೇ, ಏಕೆಂದರೆ ದೋಷ ಕಾಗದದಲ್ಲಿರುವುದು ಅಪರೂಪ. ಅದು ಕಾಗದದ ಇಬ್ಬದಿಯ ಲೋಹದ ಮುಖಗಳಲ್ಲಿ, ಆ ಮುಖಗಳನ್ನು ಹಿಡಿದಿಡುವ ಸ್ಟಡ್‌ಗಳಲ್ಲಿ ಮತ್ತು ಇವೆಲ್ಲವನ್ನೂ ವರ್ಷಗಟ್ಟಲೆ ತೋಯಿಸಿದ ನೀರಿನ ಗುಣದಲ್ಲಿ ಇರುತ್ತದೆ.

ಇದನ್ನು ಅರಿಯಲು ಭಾರತದ ಓದುಗರಿಗೆ ಬಿ ಸೀರೀಸ್ ಎಂಜಿನ್ನಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 1947ರ ಆಸ್ಟಿನ್ ಎ40 ಕಾರಿನ 1200 ಸಿಸಿ ಎಂಜಿನ್ನನ್ನು ಆಧಾರವಾಗಿಟ್ಟುಕೊಂಡು ಬೆಳೆದ ಈ ವಂಶವನ್ನು 1952ರಲ್ಲಿ ರೂಪುಗೊಂಡ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ಹಲವು ಕಾರುಗಳಲ್ಲಿ ಬಳಸಿತು. 1489 ಸಿಸಿ ಗಾತ್ರದಲ್ಲಿ ಅದು ಮಾರಿಸ್ ಆಕ್ಸ್‌ಫರ್ಡ್ ಮತ್ತು ಎಂ.ಜಿ.ಎ. ಕಾರುಗಳನ್ನು ಓಡಿಸಿತು, 1798 ಸಿಸಿ ಗಾತ್ರದಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರನ್ನು ಓಡಿಸಿತು. ಅದೇ 1489 ಸಿಸಿ ಎಂಜಿನ್ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಅಂಬಾಸಿಡರ್ ಕಾರಿನ ಹೊಟ್ಟೆಯಲ್ಲಿ ದಶಕಗಳ ಕಾಲ ಇದ್ದು, ವಿಧಾನಸೌಧದ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಬಿಳಿ ಸರ್ಕಾರಿ ಕಾರುಗಳಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಟ್ಯಾಕ್ಸಿ ನಿಲ್ದಾಣದವರೆಗೆ ಕರ್ನಾಟಕದ ಉದ್ದಗಲಕ್ಕೂ ಓಡಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತಾದರೂ ಮನೆಯ ಹಿರಿಯರಂತೆ ಅದನ್ನು ಕಾಪಾಡಿಕೊಂಡು ಬಂದವರು ಈಗಲೂ ಇದ್ದಾರೆ. ಈ ಎಂಜಿನ್ನಿನ ಹೆಡ್ಡು ಬೀಡುಕಬ್ಬಿಣದ್ದು, ಅದರ ಮುಂತುದಿಯಲ್ಲಿ ನೀರು ಹೊರಬರುವ ಬಾಯಿಯ ಸುತ್ತ ಉಕ್ಕಿನ ಮೂರು ಸ್ಟಡ್‌ಗಳು ನೆಟ್ಟಗೆ ನಿಂತಿರುತ್ತವೆ. ಸ್ಟಡ್ ಎಂದರೆ ತಲೆಯಿಲ್ಲದ ಬೋಲ್ಟ್, ಅದರ ಒಂದು ತುದಿ ಹೆಡ್ಡಿನೊಳಗೆ ತಿರುಚಿಕೊಂಡಿದ್ದು ಇನ್ನೊಂದು ತುದಿಗೆ ನಟ್ ಬರುತ್ತದೆ. ಅಲ್ಯೂಮಿನಿಯಂ ಹೌಸಿಂಗ್ ಈ ಮೂರು ಸ್ಟಡ್‌ಗಳ ಮೇಲೆ ಇಳಿದು ಕೂರುತ್ತದೆ.

ಹೌಸಿಂಗಿನ ಕೆಳಗೆ ಅಡಗಿರುವ ಥರ್ಮೋಸ್ಟಾಟ್ ವಿದ್ಯುತ್ತಿನ ಹಂಗಿಲ್ಲದೆ ಕೆಲಸ ಮಾಡುವ ಒಂದು ಕವಾಟ. ಅದರ ಚಿಕ್ಕ ಲೋಹದ ಡಬ್ಬಿಯೊಳಗೆ ಮೇಣ ತುಂಬಿರುತ್ತದೆ, ಗೊತ್ತಾದ ಉಷ್ಣಾಂಶಕ್ಕೆ ಆ ಮೇಣ ಕರಗಿ ಹಿಗ್ಗಿದಾಗ ಒಂದು ಕಡ್ಡಿಯನ್ನು ಒತ್ತುತ್ತದೆ, ಸ್ಪ್ರಿಂಗಿನ ಬಿಗಿತವನ್ನು ಮೀರಿ ಕವಾಟ ತೆರೆದುಕೊಳ್ಳುತ್ತದೆ. ಎಂಜಿನ್ ತಣಿದರೆ ಮೇಣ ಕುಗ್ಗಿ ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. 1930ರ ದಶಕದಲ್ಲಿ ಸರ್ಜಿಯಸ್ ವೆರ್ನೆ ರೂಪಿಸಿದ ಈ ಮೇಣದ ಕವಾಟ ಕ್ರಮೇಣ ಅದಕ್ಕೂ ಹಿಂದಿನ ತಿದಿಯಾಕಾರದ ಥರ್ಮೋಸ್ಟಾಟ್‌ಗಳ ಜಾಗವನ್ನು ತೆಗೆದುಕೊಂಡಿತು. ಎಂ.ಜಿ.ಬಿ. ಕಾರಿಗೆ ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯತೊಡಗುವ ಥರ್ಮೋಸ್ಟಾಟ್ ಹಾಕುತ್ತಿದ್ದರು. ಬಿಸಿ ದೇಶಗಳಿಗೆ 74 ಡಿಗ್ರಿಯದೂ ಚಳಿದೇಶಗಳಿಗೆ 88 ಡಿಗ್ರಿಯದೂ ಸಿಗುತ್ತಿತ್ತು. ಈ ಕವಾಟದ ಅಂಚಿನ ಬಳೆ ಹೆಡ್ಡಿನಲ್ಲಿ ಕೊರೆದಿರುವ ವೃತ್ತಾಕಾರದ ತಗ್ಗಿನಲ್ಲಿ ಕೂರುತ್ತದೆ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಎಷ್ಟೋ ಹೊಸ ದುರಸ್ತಿಗಳು ಕೆಡುವುದು ಈ ತಗ್ಗಿನಲ್ಲಿಯೇ.

ನಾಲ್ಕು ಹನಿ ನೀರು ಸೋರಿದರೆ ಏನಾಯಿತು, ದಿನವೂ ಒಂದು ಲೋಟ ತುಂಬಿಸಿದರಾಯಿತು ಎಂಬ ಮಾತು ಹಳೆಯ ಕಾರುಗಳ ಸುತ್ತ ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಸೋರಿಕೆಯಿಂದ ನಷ್ಟವಾಗುವುದು ನೀರು ಮಾತ್ರವಲ್ಲ, ಒತ್ತಡವೂ ಹೌದು, ಮತ್ತು ಅದೇ ದೊಡ್ಡ ನಷ್ಟ. ರೇಡಿಯೇಟರಿನ ಮುಚ್ಚಳ ಪ್ರೆಷರ್ ಕುಕ್ಕರಿನ ವಿಷಲ್‌ನಂತೆ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಯುವ ಬಿಂದುವನ್ನು ಮೇಲಕ್ಕೆ ಏರಿಸುತ್ತದೆ. ಮೊದಮೊದಲ ಎಂ.ಜಿ.ಬಿ. ಕಾರುಗಳ ಮುಚ್ಚಳ ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿಯುತ್ತಿತ್ತು. ಸಮುದ್ರಮಟ್ಟದಲ್ಲಿರುವ ಮಂಗಳೂರಿನಲ್ಲಿ ಬರಿಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳ ಮತ್ತು ಎಲ್ಲ ಜೋಡಣೆಗಳು ಬಿಗಿಯಾಗಿದ್ದರೆ ಬೆಂಗಳೂರಿನಲ್ಲಿಯೂ ಆ 7 ಪೌಂಡ್ ಒತ್ತಡ ಕುದಿಯುವ ಬಿಂದುವನ್ನು ಸುಮಾರು 109 ಡಿಗ್ರಿಗೆ ಏರಿಸುತ್ತದೆ, ಹೌಸಿಂಗಿನ ಸಂದಿಯಿಂದ ಒತ್ತಡ ಜಾರಿಹೋದರೆ ಅದು ಮತ್ತೆ 97ಕ್ಕೆ ಇಳಿಯುತ್ತದೆ. 82 ಡಿಗ್ರಿಗೆ ತೆರೆಯತೊಡಗುವ ಥರ್ಮೋಸ್ಟಾಟ್ ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕಾಗುವುದರಿಂದ, ಅಂಥ ಎಂಜಿನ್ನಿಗೆ ಉಳಿಯುವ ಅಂತರ ಮೂರರಿಂದ ಐದು ಡಿಗ್ರಿಯಷ್ಟೇ. ಮೇ ತಿಂಗಳ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತ ಅಂಬಾಸಿಡರಿನ ಬಾನೆಟ್ಟಿನಿಂದ ಹಬೆ ಏಳುವುದಕ್ಕೆ ಅಷ್ಟು ಸಾಕು.

ಸೋರಿಕೆ ನಿಜವಾಗಿಯೂ ಹೌಸಿಂಗಿನದೇ ಎಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ, ಮತ್ತು ಇಲ್ಲಿ ಅವಸರ ಬಹಳ ದುಬಾರಿಯಾಗುತ್ತದೆ. ಹೌಸಿಂಗಿನ ಬುಡದಿಂದ ಜಿನುಗಿದ ನೀರು ಹೆಡ್ಡಿನ ಮುಂಬದಿಯಲ್ಲಿ ಇಳಿದು, ಹೆಡ್ಡೂ ಬ್ಲಾಕೂ ಕೂಡುವ ಗೆರೆಯ ಮೇಲೆ ನಿಂತು ಒಣಗಿ ಬಿಳಿಯ ಇಲ್ಲವೇ ಹಸಿರು ಹಕ್ಕಳೆಯಾಗುತ್ತದೆ. ಅದನ್ನು ಮಾತ್ರ ನೋಡಿದವರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಿ, ಒಂದು ಗಂಟೆಯಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕಾಗಿ ಇಡೀ ಹೆಡ್ಡನ್ನೇ ಕಳಚಿಸುತ್ತಾರೆ. ಓಡುತ್ತಿರುವ ಫ್ಯಾನ್ ಹನಿಗಳನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಕಲೆಗಳು ಮೂಲದಿಂದ ಮೊಳದಷ್ಟು ದೂರದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹಿಗ್ಗುವ ನೀರನ್ನು ಹಿಡಿದಿಡುವ ಪ್ರತ್ಯೇಕ ಡಬ್ಬಿಯಿಲ್ಲದ ಹಳೆಯ ರೇಡಿಯೇಟರಿನಲ್ಲಿ ಕತ್ತಿನವರೆಗೆ ನೀರು ತುಂಬಿದರೆ ಹೆಚ್ಚಾದದ್ದು ಹೊರಚೆಲ್ಲುವುದು ಸಹಜವಾದ್ದರಿಂದ, ಮಟ್ಟ ಒಂದಿಂಚು ಇಳಿದು ಅಲ್ಲಿಯೇ ನಿಲ್ಲುವುದನ್ನು ಸೋರಿಕೆ ಎಂದು ಎಣಿಸಬಾರದು.

ಪತ್ತೆಹಚ್ಚಲು ಒಳ್ಳೆಯ ವಿಧಾನ ಎಂಜಿನ್ ಪೂರ್ತಿ ತಣ್ಣಗಿರುವಾಗಿನದು. ಹೌಸಿಂಗಿನ ಸುತ್ತ ಬ್ರಷ್ಷಿನಿಂದ ಉಜ್ಜಿ ಒಣಗಿಸಿ, ಸಂದಿಯ ಉದ್ದಕ್ಕೂ ಮತ್ತು ಮೂರು ನಟ್‌ಗಳ ಬುಡಕ್ಕೂ ಸೀಮೆಸುಣ್ಣದ ಪುಡಿ ಉದುರಿಸಿ, ರೇಡಿಯೇಟರಿನ ಬಾಯಿಗೆ ಕೈಪಂಪಿನ ಒತ್ತಡ ಪರೀಕ್ಷಕವನ್ನು ಕೂರಿಸಿ, ಮುಚ್ಚಳದ ಮೇಲೆ ನಮೂದಿಸಿರುವ ಒತ್ತಡವನ್ನು ಮೀರದಂತೆ ಗಾಳಿ ತುಂಬಿ ಹತ್ತು ಹದಿನೈದು ನಿಮಿಷ ಕಾಯಬೇಕು. ಪುಡಿಯಲ್ಲಿ ಒದ್ದೆಯ ಗೆರೆ ಎಲ್ಲಿಂದ ಹೊರಡುತ್ತದೆಯೋ ಅದೇ ಮೂಲ. ಆ ಗೆರೆ ಸಂದಿಯಿಂದ ಹೊರಟರೆ ದೋಷ ಮುಖಗಳಲ್ಲಿದೆ. ಹೋಸಿನ ಕ್ಲಿಪ್ಪಿನ ಕೆಳಗಿನಿಂದ ಹೊರಟರೆ ಹೌಸಿಂಗಿನ ಕೊಳವೆಬಾಯಿ ಹೋಸಿನ ಮರೆಯಲ್ಲಿ ತುಕ್ಕು ತಿಂದು ಗುಳಿಬಿದ್ದಿದೆ. ನಟ್ಟಿನ ಬುಡದಿಂದ ಹೊರಟರೆ ನೀರು ಸ್ಟಡ್ಡನ್ನು ಹಿಡಿದು ಮೇಲೇರುತ್ತಿದೆ. ಕೊನೆಯದನ್ನು ಗುರುತಿಸದೆ ಹೋದರೆ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಕೆಲವು ಎಂಜಿನ್ನುಗಳಲ್ಲಿ ಸ್ಟಡ್ಡಿನ ತೂತು ನೀರಿನ ಕೋಣೆಯವರೆಗೂ ಇಳಿದಿರುತ್ತದೆ, ಅಲ್ಲಿ ನೀರು ಕಾಗದವನ್ನು ಮುಟ್ಟದೆಯೇ ಥ್ರೆಡ್ಡಿನ ಸುರುಳಿದಾರಿಯಲ್ಲಿ ಹೊರಬರುತ್ತದೆ.

ಈ ಪುಟ್ಟ ಜೋಡಣೆ ಇಷ್ಟೊಂದು ಕಾಡುವುದಕ್ಕೆ ಕಾರಣ ಅಲ್ಲಿ ಕೂಡಿರುವ ಲೋಹಗಳ ಸ್ವಭಾವ. ಅಲ್ಯೂಮಿನಿಯಂ ಹೌಸಿಂಗ್, ಉಕ್ಕಿನ ಸ್ಟಡ್ ಮತ್ತು ಬೀಡುಕಬ್ಬಿಣದ ಹೆಡ್ಡು ಒಂದನ್ನೊಂದು ಮುಟ್ಟಿಕೊಂಡಿದ್ದು, ಲವಣಗಳು ಕರಗಿರುವ ನೀರು ಅವುಗಳನ್ನು ತೋಯಿಸಿದಾಗ ಅದೊಂದು ಚಿಕ್ಕ ಬ್ಯಾಟರಿಯೇ ಆಗುತ್ತದೆ. ಇಂಥ ಜೋಡಿಯಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹ ತಾನು ಸವೆದು ಇನ್ನೊಂದನ್ನು ಉಳಿಸುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಕ್ರಿಯಾಶೀಲವಾದ್ದರಿಂದ ಸವೆಯುವ ಪಾಲು ಹೌಸಿಂಗಿನದು. ಹೀಗೆ ಬೇರೆ ಬೇರೆ ಲೋಹಗಳ ಸಂಪರ್ಕದಿಂದ ಹುಟ್ಟುವ ಸವೆತಕ್ಕೆ ಗ್ಯಾಲ್ವಾನಿಕ್ ಸವೆತ ಎಂದು ಹೆಸರು. ಅಲ್ಯೂಮಿನಿಯಂ ಮೇಲೆ ಸಹಜವಾಗಿಯೇ ಇರುವ ಆಕ್ಸೈಡಿನ ತೆಳುಪೊರೆ ಅದನ್ನು ಮಾಮೂಲಿ ಸ್ಥಿತಿಯಲ್ಲಿ ಕಾಪಾಡುತ್ತದೆಯಾದರೂ, ನೀರಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಒಳಗಿನ ಲೋಹಕ್ಕೆ ದಾರಿ ಮಾಡಿಕೊಡುತ್ತದೆ, ಆಗ ಮುಖದ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಗುಳಿಗಳು ಬಿದ್ದು ಕ್ರಮೇಣ ಒಂದನ್ನೊಂದು ಕೂಡಿಕೊಳ್ಳುತ್ತವೆ. ಕಾಗದದ ಅಂಚಿನಂಥ, ಹೋಸಿನ ಮರೆಯಂಥ ಇಕ್ಕಟ್ಟಾದ ಸಂದಿಗಳಲ್ಲಿ ನೀರು ಹರಿಯದೆ ನಿಲ್ಲುವುದರಿಂದ ಸವೆತ ಅಲ್ಲಿ ಇನ್ನಷ್ಟು ಚುರುಕು. ನೀರಿನ ಬಾಯಿಯಿಂದ ಹೊರಟ ಇಂಥ ಗುಳಿಗಳ ಸಾಲೊಂದು ಮುಖದ ಹೊರ ಅಂಚನ್ನು ತಲುಪಿದ ದಿನ ಸೋರಿಕೆ ಶುರುವಾಗುತ್ತದೆ. ಕಾಗದ ಆ ದಿನ ಹರಿದದ್ದಲ್ಲ, ಅದರ ಕೆಳಗಿನ ನೆಲವೇ ಕುಸಿದಿತ್ತು.

ಸವೆದ ಅಲ್ಯೂಮಿನಿಯಂ ಮಾಯವಾಗುವುದಿಲ್ಲ. ಅದು ಬಿಳಿಯ ಪುಡಿಯಾಗಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೌಸಿಂಗಿನ ತೂತಿಗೂ ಸ್ಟಡ್ಡಿಗೂ ನಡುವಿನ ಕಿರಿದಾದ ಅವಕಾಶದಲ್ಲಿ ಈ ಪುಡಿ ಕಿಕ್ಕಿರಿದು ಗಟ್ಟಿಯಾದಾಗ ಹೌಸಿಂಗ್ ಮೂರು ಸ್ಟಡ್‌ಗಳಿಗೂ ಬೆಸೆದುಕೊಂಡಂತೆ ಕಚ್ಚಿಕೊಳ್ಳುತ್ತದೆ, ನಟ್‌ಗಳನ್ನು ಪೂರ್ತಿ ತೆಗೆದ ಮೇಲೂ ಅದು ಮಿಸುಕುವುದಿಲ್ಲ. ಹಳೆಯ ಕಾರುಗಳ ಮೇಲೆ ಕೈಯಿಟ್ಟವರೆಲ್ಲ ಈ ಘಟ್ಟವನ್ನು ಬಲ್ಲರು. ಅತಿ ಹೆಚ್ಚು ಹಾನಿಯಾಗುವುದೂ ಇಲ್ಲಿಯೇ.

ಹಾನಿ ನಟ್ ಬಿಚ್ಚುವಾಗಲೇ ಆರಂಭವಾಗಬಹುದು. ಈ ಎಂಜಿನ್ನಿನ ಮೂಲ ವಿನ್ಯಾಸ ಇಂಚಿನ ಅಳತೆಯದು. ಸ್ಟಡ್ಡಿನ ದಪ್ಪ ಇಂಚಿನ ಹದಿನಾರನೆಯ ಐದು ಭಾಗ, ಅಂದರೆ 7.94 ಮಿ.ಮೀ., ಅದರ ನಟ್ಟಿನ ಅಗಲ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇಂದಿನ ಗ್ಯಾರೇಜುಗಳಲ್ಲಿ ಕೈಗೆ ಸಿಗುವುದು 13ರ ಸ್ಪ್ಯಾನರ್. 0.3 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣದಿದ್ದರೂ ತುಕ್ಕುಹಿಡಿದ ನಟ್ಟಿನ ಮೂಲೆಗಳನ್ನು ಅದು ಒಂದೇ ಎಳೆತಕ್ಕೆ ಉರುಟಾಗಿಸುತ್ತದೆ. ಬಿಚ್ಚಿದ ನಟ್ ಕಳೆದುಹೋದಾಗ ಹತ್ತಿರದ ಅಂಗಡಿಯಿಂದ 8 ಮಿ.ಮೀ. ನಟ್ ತಂದು ಹಾಕುವುದು ಇದಕ್ಕಿಂತ ದೊಡ್ಡ ತಪ್ಪು: ಮೂಲ ಥ್ರೆಡ್ ಇಂಚಿಗೆ 24 ಸುತ್ತಿನದು, ಅಂದರೆ ಸುತ್ತೊಂದಕ್ಕೆ 1.06 ಮಿ.ಮೀ., 8 ಮಿ.ಮೀ. ನಟ್ಟಿನ ಸಾಮಾನ್ಯ ಥ್ರೆಡ್ 1.25 ಮಿ.ಮೀ.; ಮೊದಲ ಒಂದೆರಡು ಸುತ್ತು ಕೂಡಿದಂತೆ ಅನ್ನಿಸಿ ಆಮೇಲೆ ಬಿಗಿಯಾದರೆ ನಟ್ ಕೂತಿತೆಂದು ಅರ್ಥವಲ್ಲ, ಸ್ಟಡ್ಡಿನ ಥ್ರೆಡ್ ಕತ್ತರಿಸಿಹೋಗುತ್ತಿದೆ ಎಂದು ಅರ್ಥ. ಹಿಂದೆ ಯಾರಾದರೂ ಹೀಗೆ ಮಾಡಿದ್ದರೆ ಅಂಥ ಸ್ಟಡ್ ಎಂದೂ ಸರಿಯಾದ ಬಿಗಿತ ಕೊಡಲಾರದು, ಅದನ್ನು ಬದಲಿಸುವುದೇ ಸರಿ.

ಕಚ್ಚಿಕೊಂಡ ಹೌಸಿಂಗನ್ನು ಬಿಡಿಸಲು ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಯಾವ ಮುಖಗಳು ನುಣುಪಾಗಿ ಕೂಡಬೇಕೋ ಆ ಮುಖಗಳ ಮೇಲೆಯೇ ಅದು ಗಾಯ ಮಾಡುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ಸ್ಟಡ್ಡಿನ ಸುತ್ತ ಹನಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಮರದ ತುಂಡನ್ನು ನಡುವೆ ಇಟ್ಟು ಪಕ್ಕದಿಂದ ಹಗುರವಾಗಿ ತಟ್ಟುತ್ತ, ಮತ್ತೆ ಎಣ್ಣೆ ಹನಿಸುತ್ತ, ಎರಡು ಮೂರು ದಿನ ಈ ಸೇವೆ ನಡೆಸುವುದು ಮೊದಲ ಹೆಜ್ಜೆ. ಇದಕ್ಕೆ ಜಗ್ಗದಿದ್ದರೆ ಶಾಖದ ನೆರವು ಪಡೆಯಬಹುದು, ಆದರೆ ಶಾಖ ಎಲ್ಲಿಗೆ ಕೊಡಬೇಕೆಂಬುದನ್ನು ತಿಳಿದೇ ಕೊಡಬೇಕು. ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, 8 ಮಿ.ಮೀ. ತೂತಿರುವ ಹೌಸಿಂಗೂ ಅದರೊಳಗಿನ ಸ್ಟಡ್ಡೂ ಒಟ್ಟಿಗೆ 100 ಡಿಗ್ರಿಯಷ್ಟು ಬಿಸಿಯಾದರೆ ಅವುಗಳ ನಡುವೆ ಹುಟ್ಟುವ ಹೆಚ್ಚುವರಿ ಅಂತರ 0.009 ಮಿ.ಮೀ. ಮಾತ್ರ, ಹೌಸಿಂಗ್ ಮಾತ್ರ ಬಿಸಿಯಾಗಿ ಸ್ಟಡ್ ತಣ್ಣಗಿದ್ದರೆ ಅದರ ಎರಡರಷ್ಟು. ಅಂಕಿ ಅಲ್ಪವಾದರೂ ಗಟ್ಟಿಯಾದ ಪುಡಿಯಲ್ಲಿ ಬಿರುಕು ಮೂಡಿಸಿ ಎಣ್ಣೆಗೆ ದಾರಿ ತೆರೆಯಲು ಅಷ್ಟು ಸಾಕಾಗುತ್ತದೆ. ಬಿಸಿಗಾಳಿಯ ಗನ್ನಿನಿಂದ ಹೌಸಿಂಗಿನ ಕಿವಿಗಳನ್ನು, ಅಂದರೆ ಸ್ಟಡ್‌ಗಳು ಹಾಯುವ ಚಾಚುಗಳನ್ನು, ಕಾಯಿಸಿ, ಸ್ಟಡ್ಡಿನ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಸಂದಿಯೊಳಗೆ ತಾನಾಗಿ ಹೀರಿಕೊಂಡು ಇಳಿಯುತ್ತದೆ. ಹತ್ತಿರದಲ್ಲಿಯೇ ಪೆಟ್ರೋಲ್ ಪೈಪ್ ಇರುವುದರಿಂದ ತೆರೆದ ಬೆಂಕಿಯ ಗ್ಯಾಸ್ ಟಾರ್ಚ್ ಇಲ್ಲಿ ಸಲ್ಲದು.

ಇಷ್ಟೆಲ್ಲ ಮಾಡಿಯೂ ಬಾರದಿದ್ದರೆ ಹೌಸಿಂಗನ್ನು ಬಲಿಕೊಡುವ ಧೈರ್ಯ ಬೇಕು. ಹ್ಯಾಕ್‌ಸಾ ಬ್ಲೇಡಿನಿಂದ ಅದರ ಕಿವಿಗಳನ್ನು ಸ್ಟಡ್ಡಿನ ಹತ್ತಿರದವರೆಗೆ ಕೊಯ್ದು, ಉಳಿಯಿಂದ ಸೀಳಿ ತೆಗೆಯುವುದು ನೋಡಲು ಒರಟು ಕೆಲಸವೆನಿಸಿದರೂ ಅದೇ ವಿವೇಕದ ಕೆಲಸ. ಹೌಸಿಂಗ್ ಹೊಸದು ಸಿಗುತ್ತದೆ, ಆದರೆ ಬಲಪ್ರಯೋಗದಿಂದ ಸ್ಟಡ್ ಹೆಡ್ಡಿನೊಳಗೆ ಮುರಿದರೆ ಅದನ್ನು ಕೊರೆದು ತೆಗೆಯುವುದು ಲೇತ್ ಅಂಗಡಿಯ ಕುಶಲಿಗೂ ಬೆವರಿಳಿಸುವ ಕೆಲಸವಾಗುತ್ತದೆ. ಹೌಸಿಂಗ್ ಹೊರಬಂದ ಮೇಲೆ ಪ್ರತಿ ಸ್ಟಡ್ಡಿಗೆ ಎರಡು ನಟ್ ಏರಿಸಿ, ಒಂದಕ್ಕೊಂದು ಎದುರಾಗಿ ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಟಡ್ ಸಾಮಾನ್ಯವಾಗಿ ಹೊರಬರುತ್ತದೆ. ಬರಲು ಒಪ್ಪದ, ಆದರೆ ಥ್ರೆಡ್ ಚೆನ್ನಾಗಿರುವ ಸ್ಟಡ್ಡನ್ನು ಅಲ್ಲಿಯೇ ಬಿಡುವುದು ಲೇಸು.

ಈಗ ನಿಜವಾದ ದುರಸ್ತಿ ಆರಂಭವಾಗುತ್ತದೆ, ಅದು ಮುಖಗಳ ದುರಸ್ತಿ. ಹೆಡ್ಡಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ ಚೂರುಗಳು ಒಳಗೆ ಬೀಳದಂತೆ ನೋಡಿಕೊಂಡು ಹಳೆಯ ಕಾಗದ, ಅಂಟು, ಸಿಲಿಕೋನ್ ಎಲ್ಲವನ್ನೂ ಹೆರೆದು ತೆಗೆಯಬೇಕು. ಬಳಿಕ ಹೌಸಿಂಗಿನ ಕೂಡುಮುಖಕ್ಕೆ ಮಾರ್ಕರ್ ಪೆನ್ನಿನಿಂದ ಅಡ್ಡ ಗೆರೆಗಳನ್ನು ಎಳೆದು, ಕಿಟಕಿಗೆ ಹಾಕುವ ದಪ್ಪ ಗಾಜಿನ ತುಂಡಿನ ಮೇಲೆ ನೀರಿನಲ್ಲಿ ತೋಯಿಸಿದ 220ರ ಎಮರಿ ಪೇಪರ್ ಹಾಸಿ, ಹೌಸಿಂಗನ್ನು ಅದರ ಮೇಲೆ ಮುಖ ಕೆಳಗಾಗಿ ಇರಿಸಿ, ಮೇಲಿನಿಂದ ಒತ್ತದೆ, ಎಂಟರ ಅಂಕಿ ಬರೆಯುವಂತೆ ನಾಲ್ಕೈದು ಬಾರಿ ಆಡಿಸಿ ತಿರುಗಿಸಿ ನೋಡಿದರೆ ಆ ಜೋಡಣೆಯ ಇತಿಹಾಸವೆಲ್ಲ ಅಲ್ಲಿ ಬರೆದಿರುತ್ತದೆ. ಮೂರು ಕಿವಿಗಳ ಬಳಿ ಗೆರೆ ಅಳಿಸಿ ಲೋಹ ಹೊಳೆಯುತ್ತದೆ, ಕಿವಿಗಳ ನಡುವಿನ ಕಮಾನುಗಳಲ್ಲಿ ಮಾರ್ಕರಿನ ಮಸಿ ಹಾಗೆಯೇ ಉಳಿದಿರುತ್ತದೆ. ಅಂದರೆ ವರ್ಷಾನುಗಟ್ಟಲೆ ಅತಿಯಾಗಿ ಬಿಗಿದ ನಟ್‌ಗಳು ಕಿವಿಗಳನ್ನು ಕೆಳಕ್ಕೆ ಬಾಗಿಸಿವೆ, ನಡುಭಾಗ ಹೆಡ್ಡನ್ನು ಮುಟ್ಟುತ್ತಲೇ ಇರಲಿಲ್ಲ. ಕಚೇರಿಯಲ್ಲಿ ಬಳಸುವ ಬಿಳಿ ಹಾಳೆಯ ದಪ್ಪ ಸುಮಾರು 0.1 ಮಿ.ಮೀ.; ಗಾಜಿನ ಮೇಲಿಟ್ಟ ಹೌಸಿಂಗಿನ ಅಡಿಗೆ ಅಂಥ ಹಾಳೆಯ ಚೂರು ಎಲ್ಲಿಯಾದರೂ ನುಗ್ಗಿದರೆ ಆ ಮುಖ ಕಾಗದದ ಗ್ಯಾಸ್ಕೆಟನ್ನು ನಂಬಿ ಕೂರಿಸಲು ಯೋಗ್ಯವಲ್ಲ. ಮಸಿಯೆಲ್ಲ ಅಳಿಯುವವರೆಗೆ ಉಜ್ಜಿ, ಕೊನೆಗೆ 400ರ ಪೇಪರಿನಲ್ಲಿ ಹದಗೊಳಿಸಿದರೆ ಮುಖ ಸಮತಟ್ಟಾಗುತ್ತದೆ. ಗುಳಿಗಳು ಆಗಲೂ ಉಳಿದಿದ್ದು, ಒಳ ಅಂಚಿನಿಂದ ಹೊರ ಅಂಚಿಗೆ ಅರ್ಧ ದಾರಿಯನ್ನು ದಾಟಿದ್ದರೆ ಹೌಸಿಂಗನ್ನು ಬದಲಿಸಬೇಕು. ಲೋಹದ ಎಪಾಕ್ಸಿ ತುಂಬಿ ಉಜ್ಜುವುದು ಹೊಸದು ಸಿಗುವವರೆಗಿನ ಏರ್ಪಾಡು ಅಷ್ಟೇ. ಹೆಡ್ಡಿನ ಮುಖವನ್ನೂ ಮರೆಯಬಾರದು: ಸ್ಟಡ್‌ಗಳು ಹೊರಬಂದಿದ್ದರೆ ನುಣುಪಾದ ಚಪ್ಪಟೆ ಅರವನ್ನು ಅದರ ಮೇಲೆ ಅಡ್ಡಲಾಗಿ ಆಡಿಸಿ, ಸ್ಟಡ್ಡಿನ ತೂತುಗಳ ಸುತ್ತ ಎದ್ದುಬಂದಿರುವ ಲೋಹದ ಏಣುಗಳನ್ನು ತೆಗೆಯಬಹುದು.

ಜೋಡಿಸುವ ಮುನ್ನ ಥರ್ಮೋಸ್ಟಾಟನ್ನು ಅದರ ತಗ್ಗಿನಲ್ಲಿಟ್ಟು ಅಂಚಿನ ಬಳೆ ಹೆಡ್ಡಿನ ಮುಖಕ್ಕಿಂತ ಮೇಲೆದ್ದಿದೆಯೇ ಎಂದು ಬೆರಳಾಡಿಸಿ ನೋಡಬೇಕು. ತಗ್ಗಿನಲ್ಲಿ ಹಕ್ಕಳೆ ಉಳಿದಿದ್ದರೆ, ಇಲ್ಲವೇ ಬೇರೆ ಕಾರಿನ ದಪ್ಪ ಅಂಚಿನ ಥರ್ಮೋಸ್ಟಾಟ್ ಹಾಕಿದರೆ, ಹೌಸಿಂಗ್ ಹೆಡ್ಡಿನ ಮೇಲಲ್ಲ, ಬಳೆಯ ಮೇಲೆ ಕೂರುತ್ತದೆ. ಆಗ ನಟ್ ಬಿಗಿದಷ್ಟೂ ಕಿವಿಗಳು ಬಾಗುತ್ತವೆ, ಕೆಲವೊಮ್ಮೆ ಎರಕ ಬಿರುಕುಬಿಡುತ್ತದೆ. ಗ್ಯಾಸ್ಕೆಟ್ ಅರ್ಧ ಮಿ.ಮೀ. ಆಸುಪಾಸಿನ ಕಾಗದದ್ದಾಗಿದ್ದು ಒಂದೇ ಇರಬೇಕು, ಎರಡಿಟ್ಟರೆ ಭದ್ರತೆ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಸಿದ್ಧ ಗ್ಯಾಸ್ಕೆಟ್ ಸಿಗದೆ ಕತ್ತರಿಸಿಕೊಳ್ಳಬೇಕಾದಾಗ ಕಾಗದವನ್ನು ಹೌಸಿಂಗಿನ ಮೇಲಿಟ್ಟು ಸುತ್ತಿಗೆಯಿಂದ ಅಂಚು ತಟ್ಟಿ ಹರಿಯುವ ಪದ್ಧತಿ ಗ್ಯಾರೇಜುಗಳಲ್ಲಿದೆ. ಮೆದು ಅಲ್ಯೂಮಿನಿಯಂನ ಅಂಚು ಅದರಿಂದ ನಜ್ಜಾಗುವುದರಿಂದ ಪೆನ್ಸಿಲಿನಿಂದ ಆಕಾರ ಗುರುತಿಸಿ ಕತ್ತರಿಯಿಂದ ಕತ್ತರಿಸುವುದು ಒಳ್ಳೆಯದು. ಸಮತಟ್ಟಾದ ಮುಖಗಳ ನಡುವೆ ಕಾಗದಕ್ಕೆ ಗ್ರೀಸಿನ ತೆಳು ಲೇಪ, ಇಲ್ಲವೇ ಹಿಂದಿನಿಂದ ಬಂದಿರುವ ಶೆಲ್ಲಾಕ್ ಸಾಕು. ಗ್ಯಾರೇಜುಗಳಲ್ಲಿ ಇಂದಿಗೂ ಸಿಗುವ ಆ ಕಂದು ಅಂಟು ಮೂಲತಃ ಅರಗಿನಿಂದ ತಯಾರಾದದ್ದು, ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸುರಿಸುವ ಅದೇ ರಾಳ. ಸಿಲಿಕೋನ್ ಬಳಸಲೇಬೇಕೆಂದರೆ ವಿನೆಗರ್ ವಾಸನೆ ಬರುವ ಬಗೆಯನ್ನು ಬಿಡಬೇಕು, ಏಕೆಂದರೆ ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ. ಉಳಿದ ಬಗೆಯನ್ನೂ ಉಗುರಿನಿಂದ ಸವರಿದಷ್ಟು ತೆಳುವಾಗಿ ಹಚ್ಚಿ, ಟ್ಯೂಬಿನ ಮೇಲೆ ಹೇಳಿರುವಷ್ಟು ಹೊತ್ತು ಒಣಗಲು ಬಿಟ್ಟೇ ನೀರು ತುಂಬಬೇಕು. ಹೊರಗೆ ಉಕ್ಕಿದ ಸಿಲಿಕೋನ್ ಕಣ್ಣಿಗೆ ಕಾಣುತ್ತದೆ, ಒಳಗೆ ಉಕ್ಕಿದ್ದು ಒಂದು ದಿನ ಕಿತ್ತುಬಂದು ರೇಡಿಯೇಟರಿನ ಸಣ್ಣ ಕೊಳವೆಗಳ ಬಾಯಿಗೆ ಅಡ್ಡ ಕೂರುತ್ತದೆ.

ನಟ್ ಬಿಗಿಯುವ ಅಳತೆಯನ್ನು ಎಂ.ಜಿ.ಬಿ. ಕೈಪಿಡಿ 8 ಪೌಂಡ್-ಅಡಿ ಎಂದು ಕೊಡುತ್ತದೆ, ಅಂದರೆ ಸುಮಾರು 11 ನ್ಯೂಟನ್-ಮೀಟರ್. ಸ್ಪ್ಯಾನರನ್ನು ನಟ್ಟಿನಿಂದ 15 ಸೆಂ.ಮೀ. ದೂರದಲ್ಲಿ ಹಿಡಿದರೆ ಬೇಕಾಗುವ ಬಲ ಏಳೂವರೆ ಕೆ.ಜಿ. ತೂಕದಷ್ಟು, ಅದೇ ಹಿಡಿತದಲ್ಲಿ ಮೈಭಾರ ಹಾಕಿ 30 ಕೆ.ಜಿ. ಒತ್ತಿದರೆ ಬಿಗಿತ ನಾಲ್ಕು ಪಟ್ಟಾಗುತ್ತದೆ. ಸೋರಿದರೆ ಇನ್ನಷ್ಟು ಬಿಗಿ ಎಂಬ ಸೂತ್ರ ಈ ಜೋಡಣೆಗೆ ಸಲ್ಲದು, ಗಾಜಿನ ಮೇಲೆ ಕಂಡ ಆ ಬಾಗಿದ ಕಿವಿಗಳು ಅದೇ ಸೂತ್ರದ ಫಲ. ಸ್ಟಡ್‌ಗಳ ನಯವಾದ ಭಾಗಕ್ಕೆ ತಾಮ್ರದ ಪುಡಿ ಬೆರೆತ ಗ್ರೀಸನ್ನೋ ಮಾಮೂಲಿ ಗ್ರೀಸನ್ನೋ ಸವರಿ, ನೀರಿನ ಕೋಣೆ ಮುಟ್ಟುವ ತೂತಾದರೆ ಹೆಡ್ಡಿಗೆ ಇಳಿಯುವ ಥ್ರೆಡ್ಡಿಗೆ ಸೀಲಂಟ್ ಹಚ್ಚಿ, ಪ್ರತಿ ನಟ್ಟಿನ ಕೆಳಗೆ ಚಪ್ಪಟೆ ವಾಷರ್ ಇಟ್ಟು, ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಎಂಜಿನ್ ಒಮ್ಮೆ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಕಾಗದ ತುಸು ಕುಗ್ಗಿರುವುದರಿಂದ ಅದೇ ಅಳತೆಗೆ ಇನ್ನೊಮ್ಮೆ ನೋಡಬೇಕು.

ಹೌಸಿಂಗ್ ಬಿಚ್ಚಿದ ಸಂದರ್ಭದಲ್ಲಿ ಥರ್ಮೋಸ್ಟಾಟನ್ನೇ ಕಿತ್ತೆಸೆದು, ನಮ್ಮ ಬಿಸಿಲಿಗೆ ಇದರ ಅಗತ್ಯವಿಲ್ಲ ಎನ್ನುವ ಸಲಹೆ ಭಾರತದ ಗ್ಯಾರೇಜುಗಳಲ್ಲಿ ಬಹಳ ಹಳೆಯದು. ಅದು ತಪ್ಪು ಸಲಹೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಹದವಾದ ಉಷ್ಣಾಂಶ ತಲುಪಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಸಿಲಿಂಡರಿನ ಗೋಡೆಗಳು ಹೆಚ್ಚು ಸವೆಯುತ್ತವೆ, ಎಣ್ಣೆಯಲ್ಲಿ ಸೇರಿದ ತೇವ ಆವಿಯಾಗದೆ ಉಳಿಯುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯೇ ಎಂದು ತಿಳಿಯುವುದು ಅಡುಗೆಮನೆಯಲ್ಲಿಯೇ ಸಾಧ್ಯ: ಪಾತ್ರೆಯ ನೀರಿನಲ್ಲಿ ಅದನ್ನು ತಳಕ್ಕೆ ತಾಗದಂತೆ ದಾರದಿಂದ ತೂಗಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದರೆ ಅದರ ಮೇಲೆ ಒತ್ತಿರುವ ಅಂಕಿಯ ಆಸುಪಾಸಿನಲ್ಲಿ ಕವಾಟ ತೆರೆಯತೊಡಗಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ಕೂಲೆಂಟ್ ಹೆಪ್ಪುಗಟ್ಟದಂತೆ ಅದರಲ್ಲಿ ಬೆರೆಸುವ, ಥರ್ಮೋಸ್ಟಾಟಿಗೂ ಅಂಟಿರಬಹುದಾದ ಗ್ಲೈಕಾಲ್ ವಿಷವಾದ್ದರಿಂದ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಕೊನೆಗೆ ಉಳಿಯುವುದು ನೀರು, ಎಲ್ಲಕ್ಕೂ ಮೊದಲ ಕಾರಣವೂ ಅದೇ. ಬಯಲುಸೀಮೆಯ ಬೋರ್‌ವೆಲ್ ನೀರು ಗೀಸರಿನ ಕಾಯಿಲ್ ಮೇಲೆ ಹೇಗೆ ಬಿಳಿಯ ಹಕ್ಕಳೆ ಕಟ್ಟುತ್ತದೆಯೋ ಎಂಜಿನ್ನಿನ ಒಳಗೂ ಹಾಗೆಯೇ ಕಟ್ಟುತ್ತದೆ, ಅದರಲ್ಲಿ ಕರಗಿರುವ ಲವಣಗಳೇ ಹೌಸಿಂಗನ್ನು ತಿನ್ನುವ ಆ ಚಿಕ್ಕ ಬ್ಯಾಟರಿಯ ದ್ರವವಾಗುತ್ತವೆ. ಹಿಮ ಬೀಳದ ನಾಡಿಗೆ ಗ್ಲೈಕಾಲ್ ಏಕೆ ಎಂದು ಕೇಳುವವರು, ಅದರ ಜೊತೆಗೆ ಡಬ್ಬಿಯಲ್ಲಿ ಬರುವ ತುಕ್ಕುನಿರೋಧಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಹಿತ್ತಾಳೆ ಮತ್ತು ತಾಮ್ರದ ಹಳೆಯ ರೇಡಿಯೇಟರಿಗೆ ಹೊಂದುವ ಸಾಂಪ್ರದಾಯಿಕ ಬಗೆಯ ಕೂಲೆಂಟನ್ನು, ಬ್ಯಾಟರಿಗೆ ಹಾಕಲು ಕ್ಯಾನುಗಳಲ್ಲಿ ಮಾರುವ ಡಿಸ್ಟಿಲ್ಡ್ ನೀರಿನಲ್ಲಿ ಡಬ್ಬಿ ಹೇಳುವ ಪ್ರಮಾಣಕ್ಕೆ ಬೆರೆಸಿ ನಿಧಾನವಾಗಿ ತುಂಬಿ, ಮೇಲಿನ ಹೋಸನ್ನು ಹಿಸುಕುತ್ತ ಸಿಕ್ಕಿಬಿದ್ದ ಗಾಳಿಯನ್ನು ಹೊರಡಿಸಬೇಕು. ತುಕ್ಕುನಿರೋಧಕಗಳ ಸತ್ವ ಕಾಲಕ್ರಮದಲ್ಲಿ ಕುಂದುವುದರಿಂದ ಈ ಬಗೆಯ ಕೂಲೆಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಹಳೆಯದನ್ನು ಚರಂಡಿಗೋ ಅಂಗಳಕ್ಕೋ ಚೆಲ್ಲಬಾರದು, ಅದರ ಸಿಹಿಗೆ ಮರುಳಾಗಿ ನೆಕ್ಕಿದ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಹಳೆಯ ಕಾರನ್ನು ಉಳಿಸಿಕೊಂಡಿರುವವರು ಮುಂದಿನ ಸರ್ವಿಸಿನ ದಿನ, ಎಂಜಿನ್ ಪೂರ್ತಿ ತಣ್ಣಗಿರುವ ಹೊತ್ತಿನಲ್ಲಿ, ರೇಡಿಯೇಟರಿನ ಮುಚ್ಚಳ ತೆರೆದು ಒಳಗಿರುವುದು ಯಾವ ನೀರು ಎಂದು ಮೊದಲು ನೋಡಲಿ. ಮೆಕ್ಯಾನಿಕ್ ಹೌಸಿಂಗ್ ಬಿಚ್ಚಿದ್ದೇ ಆದರೆ ಸಿಲಿಕೋನ್ ಟ್ಯೂಬಿನ ಮುಚ್ಚಳ ತೆಗೆಯುವ ಮೊದಲು ಹೌಸಿಂಗನ್ನು ಒಂದು ಗಾಜಿನ ತುಂಡಿನ ಮೇಲಿಟ್ಟು ತೋರಿಸುವಂತೆ ಕೇಳಲಿ.